ಹಾಜರಿ ಪುಸ್ತಕದ ಕೆಂಪು ಗುರುತುಗಳು
ಶಿಸ್ತಿನ ಹೆಸರಿನಲ್ಲಿ ಮಗುವನ್ನು ಶಾಲೆಯಿಂದ ಹೊರಹಾಕಬಹುದೆಂಬ ನಂಬಿಕೆ ಇನ್ನೂ ಅಳಿದಿಲ್ಲವಾದರೂ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣವನ್ನು ಖಾತರಿಪಡಿಸಿ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 16ನೆಯ ಕಲಂ, ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಹೊರಹಾಕುವಂತಿಲ್ಲವೆಂದು ವಿಧಿಸುತ್ತದೆ. 2019ರ ತಿದ್ದುಪಡಿಯು ಐದು ಮತ್ತು ಎಂಟನೆಯ ತರಗತಿಗಳಲ್ಲಿ ಅನುತ್ತೀರ್ಣರಾದವರನ್ನು ಅಲ್ಲೇ ಉಳಿಸಿಕೊಳ್ಳಲು ಅವಕಾಶ ಕೊಟ್ಟಿತೇ ಹೊರತು ಈ ನಿಷೇಧವನ್ನು ಮುಟ್ಟಲಿಲ್ಲ. ಏಟು, ಬೈಗುಳ, ಅವಮಾನಗಳನ್ನು 17ನೆಯ ಕಲಂ ತಡೆಯುತ್ತದೆ. ಆದರೆ ನಿಜವಾದ ಹೊರದಬ್ಬುವಿಕೆ ಸದ್ದಿಲ್ಲದೆ ನಡೆಯುತ್ತದೆ: ಕಲಬುರಗಿ, ರಾಯಚೂರು, ಯಾದಗಿರಿ ಕಡೆಯ ಕುಟುಂಬವೊಂದು ಕೂಲಿ ಅರಸಿ ಗುಳೆ ಹೊರಟರೆ, ಮಗುವಿನ ಹೆಸರಿನ ಮುಂದೆ ಗೈರುಹಾಜರಿಯ ಕೆಂಪು ಗುರುತುಗಳು ಸಾಲುಗಟ್ಟುತ್ತವೆ, ಹೋದ ಊರಿನ ಶಾಲೆಯೋ ಟಿ.ಸಿ., ಅಂದರೆ ಹಿಂದಿನ ಶಾಲೆ ಕೊಡಬೇಕಾದ ವರ್ಗಾವಣೆ ಪತ್ರ, ತರುವಂತೆ ಹೇಳಿ ಬಾಗಿಲಲ್ಲೇ ನಿಲ್ಲಿಸುತ್ತದೆ. ಹೀಗೆ ನಿಲ್ಲಿಸುವುದು ಅನ್ಯಾಯವಷ್ಟೇ ಅಲ್ಲ, ಕಾನೂನುಬಾಹಿರವೂ ಹೌದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಆ ಪತ್ರ ತಡವಾಯಿತೆಂಬ ಕಾರಣಕ್ಕೆ ದಾಖಲಾತಿಯನ್ನು ನಿರಾಕರಿಸುವಂತಿಲ್ಲವೆಂದು 5ನೆಯ ಕಲಂ ಹೇಳುತ್ತದೆ. ಪತ್ರ ಕೊಡಲು ವಿಳಂಬಿಸುವ ಮುಖ್ಯೋಪಾಧ್ಯಾಯರು ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ.