ಪುಟ ಚೆಂದವಿದ್ದರೆ ಸಾಲದು, ಡಿಸ್ಕ್ ಓದಲು ಬರಬೇಕು

ಮದುವೆಯಾಗಿ ಹತ್ತು ಹದಿನೈದು ವರ್ಷ ಕಳೆದ ಮೇಲೆ ಸ್ಟುಡಿಯೋ ಮೆಟ್ಟಿಲು ಹತ್ತಿ ಬರುವವರು ಸಾಮಾನ್ಯವಾಗಿ ಒಂದೇ ಮಾತು ಕೇಳುತ್ತಾರೆ. ‘ಅಪ್ಪಯ್ಯ ತೀರಿಕೊಂಡ್ರು. ಗೋಡೆಗೆ ಹಾಕೋಕೆ ಒಂದು ಒಳ್ಳೆ ಫೋಟೊ ಇಲ್ಲ. ನಮ್ಮ ಮದುವೇಲಿ ನೀವು ತೆಗೆದಿದ್ರಲ್ಲಿ ಎಲ್ಲಾದರೂ ಇರಬಹುದಾ?’ ಇರುತ್ತದೆ. ಆದರೆ ಆಲ್ಬಮ್ಮಿನಲ್ಲಿ ಅಲ್ಲ. ಊಟದ ಪಂಕ್ತಿಯ ಹಿಂದೆ ನಿಂತು ಯಾರಿಗೋ ಏನೋ ಹೇಳಿ ನಗುತ್ತಿರುವ, ಆಯ್ಕೆಯಾಗದೆ ಉಳಿದ ಚಿತ್ರವೊಂದರಲ್ಲಿ. ಹಾಗಾಗಿ ಶಿರಸಿಯ ನನ್ನ ಸ್ಟುಡಿಯೋದಲ್ಲಿ ಗಿರಾಕಿ ಬೇಡವೆಂದ ಫೋಟೊಗಳನ್ನೂ ಅಳಿಸುವ ಪದ್ಧತಿ ಇಲ್ಲ.

ಈಗ ಎರಡು ಕ್ಯಾಮೆರಾ, ಒಂದು ಡ್ರೋನ್ ಹಿಡಿದು ಮದುವೆಗೆ ಹೋದರೆ ವಿಡಿಯೋ ಸೇರಿ 300 ಜಿಬಿ ಆಗುವುದು ದೊಡ್ಡ ಮಾತಲ್ಲ. ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದೆ ಉಚಿತವಾಗಿ ಇಡುವ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಹಣ ಕೊಟ್ಟು ಇಡೋಣವೆಂದರೂ, ಸೆಕೆಂಡಿಗೆ 20 ಮೆಗಾಬಿಟ್ ವೇಗ ಒಂದೇ ಸಮ ಸಿಕ್ಕರೆ 300 ಜಿಬಿ ಅಪ್‌ಲೋಡ್ ಆಗಲು 33 ತಾಸು ಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಅಷ್ಟು ಹೊತ್ತು ಕರೆಂಟು ಇದ್ದರೆ ಅದೇ ಭಾಗ್ಯ. ಆದ್ದರಿಂದ ಹಳೆಯ ಆಫೀಸ್ ಡೆಸ್ಕ್‌ಟಾಪ್ ಒಂದಕ್ಕೆ ದೊಡ್ಡ ಹಾರ್ಡ್‌ಡಿಸ್ಕ್‌ಗಳನ್ನು ಹಾಕಿ, ಸ್ಟುಡಿಯೋದ ಎಲ್ಲ ಕಂಪ್ಯೂಟರುಗಳೂ ಅದರಲ್ಲೇ ಫೈಲ್ ಇಡುವಂತೆ ಮಾಡಿಕೊಳ್ಳುವವರು ಹೆಚ್ಚುತ್ತಿದ್ದಾರೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಅದಕ್ಕೆ ಬೇಕಾದದ್ದೆಲ್ಲ ಸಿಗುತ್ತದೆ. ಇದು ಒಳ್ಳೆಯ ಬೆಳವಣಿಗೆ. ಶಾಲೆ, ಸಹಕಾರಿ ಸಂಘ, ಲೆಕ್ಕಪತ್ರದ ಕಚೇರಿ, ತಾಳಮದ್ದಳೆಯ ಧ್ವನಿಮುದ್ರಣ ಕೂಡಿಟ್ಟವರು ಎಲ್ಲರಿಗೂ ಇದು ಉಪಯೋಗಕ್ಕೆ ಬರುವಂಥದ್ದು.

ನನ್ನ ತಕರಾರು ಇರುವುದು, ಇಂಥ ಸರ್ವರ್ ಕಟ್ಟಿಕೊಳ್ಳುವವರು ಕೇಳುವ ಪ್ರಶ್ನೆಗಳ ಬಗ್ಗೆ. ಯಾವ ಕಂಪನಿಯ ಡಿಸ್ಕ್, ಎಷ್ಟು ಟಿಬಿ, ಎಷ್ಟು ರೇಟು ಎಂದು ವಾರಗಟ್ಟಲೆ ವಿಚಾರಿಸುತ್ತಾರೆ. ಅದನ್ನು ನಡೆಸುವ ಸಾಫ್ಟ್‌ವೇರ್ ಯಾವುದು ಎಂಬ ವಿಷಯಕ್ಕೆ ಬಂದಾಗ ಯೂಟ್ಯೂಬಿನಲ್ಲಿ ಯಾವುದರ ಪರದೆ ಚೆಂದ ಕಂಡಿತೋ ಅದನ್ನೇ ಹಾಕಿಸಿಕೊಳ್ಳುತ್ತಾರೆ. ವಖಾರಿಯ ಗೋಡೆಗೆ ಹೊಡೆದ ಬಣ್ಣ ನೋಡಿ ಅಡಿಕೆ ಇಡುವವರು ನಮ್ಮೂರಲ್ಲಿ ಯಾರೂ ಇಲ್ಲ. ಇಲ್ಲೂ ಹಾಗೇ ಇರಬೇಕು.

ಈ ಸರ್ವರಿಗೆ ಮಾನಿಟರ್, ಕೀಬೋರ್ಡ್ ಇರುವುದಿಲ್ಲ. ಮೆಟ್ಟಿಲ ಕೆಳಗೋ ಕಪಾಟಿನ ಮೇಲೋ ತನ್ನ ಪಾಡಿಗೆ ಓಡುತ್ತಿರುತ್ತದೆ. ಬೇರೆ ಕಂಪ್ಯೂಟರಿನ ಬ್ರೌಸರಿನಲ್ಲಿ ಅದರ ಐಪಿ ವಿಳಾಸ ಹಾಕಿದರೆ ಒಂದು ಪುಟ ತೆರೆಯುತ್ತದೆ. ಡಿಸ್ಕ್ ಎಷ್ಟು ತುಂಬಿದೆ, ಎಷ್ಟು ಬಿಸಿಯಾಗಿದೆ, ಯಾವ ಫೋಲ್ಡರ್ ಯಾರಿಗೆ ಕಾಣಬೇಕು, ಬ್ಯಾಕಪ್ ಯಾವಾಗ ನಡೆಯಬೇಕು ಎಲ್ಲವನ್ನೂ ಅಲ್ಲೇ ನೋಡಿ, ಅಲ್ಲೇ ಬದಲಿಸಬಹುದು. ಓಪನ್‌ಮೀಡಿಯಾವಾಲ್ಟ್, ಟ್ರೂನ್ಯಾಸ್, ಅನ್‌ರೇಡ್, ಕ್ಸಿಗ್ಮಾನ್ಯಾಸ್ ಇವೆಲ್ಲ ಈ ಕೆಲಸಕ್ಕೆಂದೇ ಇರುವವು. ಸಾಮಾನ್ಯ ಲಿನಕ್ಸ್ ಸರ್ವರಿನ ಮೇಲೆ ವೆಬ್‌ಮಿನ್ ಅಥವಾ ಕಾಕ್‌ಪಿಟ್ ಹಾಕಿಕೊಂಡು ನಡೆಸುವವರೂ ಇದ್ದಾರೆ.

ಇವುಗಳಲ್ಲಿ ಯಾವುದನ್ನು ಆರಿಸಬೇಕು ಎಂದು ಯಾರಾದರೂ ಕೇಳಿದರೆ ನಾನು ಒಂದೇ ಪ್ರಶ್ನೆ ತಿರುಗಿ ಕೇಳುತ್ತೇನೆ. ನಾಳೆ ಬೆಳಿಗ್ಗೆ ಆ ಪುಟ ತೆರೆಯಲೇ ಇಲ್ಲ ಎಂದುಕೊಳ್ಳಿ. ಪೆಟ್ಟಿಗೆಯಿಂದ ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ ನಿಮ್ಮ ಫೈಲುಗಳು ಕಾಣುತ್ತವೆಯೇ?

ಪುಟ ಹೋಗುವುದು ಬರೀ ಊಹೆಯ ಮಾತಲ್ಲ. ಈ ಬಗೆಯ ಸಾಫ್ಟ್‌ವೇರುಗಳಲ್ಲಿ ಹೆಸರಾದ ಫ್ರೀನ್ಯಾಸ್ ಅನ್ನು ಒಲಿವಿಯೆ ಕೊಶಾರ್-ಲಬ್ಬೆ ಎಂಬವರು 2005ರಲ್ಲಿ ಶುರುಮಾಡಿದ್ದರು. ಆಮೇಲೆ ಅಮೆರಿಕದ ಐಎಕ್ಸ್‌ಸಿಸ್ಟಮ್ಸ್ ಅದನ್ನು ವಹಿಸಿಕೊಂಡಿತು. 2017ರ ಮಾರ್ಚಿನಲ್ಲಿ ‘ಕೊರಾಲ್’ ಎಂಬ ಹೊಚ್ಚಹೊಸ ಆವೃತ್ತಿ ಬಂತು. ಇಡೀ ಪುಟವನ್ನೇ ಹೊಸದಾಗಿ ಬರೆದಿದ್ದರು, ನೋಡಲು ಅಷ್ಟು ಸೊಗಸಾದದ್ದು ಆ ಕಾಲಕ್ಕೆ ಇರಲಿಲ್ಲ. ಏಪ್ರಿಲ್‌ನಲ್ಲೇ ಅದನ್ನು ಪ್ರಯೋಗದ ಆವೃತ್ತಿ ಎಂದು ಕರೆದು ಹಿಂದಕ್ಕೆ ಪಡೆದರು. ಅದರಲ್ಲಿ ಮಾತ್ರ ಇದ್ದ ಸೌಲಭ್ಯಗಳನ್ನು ನೆಚ್ಚಿಕೊಂಡವರು ಬೇರೆ ದಾರಿ ನೋಡಬೇಕಾಯಿತು. 2020ರಲ್ಲಿ ಹೆಸರು ಟ್ರೂನ್ಯಾಸ್ ಎಂದಾಯಿತು. 2022ರಲ್ಲಿ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಬದಲು ಲಿನಕ್ಸ್ ಮೇಲೆ ಓಡುವ ‘ಸ್ಕೇಲ್’ ಬಂತು, ಈಗ ಒತ್ತೆಲ್ಲ ಅದರ ಮೇಲೆಯೇ. ಇಷ್ಟೆಲ್ಲ ಬದಲಾದರೂ ಬಳಕೆದಾರರು ದಾಟಿಕೊಳ್ಳಲು ಸಾಧ್ಯವಾದದ್ದು ಕೆಳಗಿನ ಫೈಲ್ ಸಿಸ್ಟಮ್ ಒಂದೇ ಆಗಿದ್ದರಿಂದ. ಅದು ಜೆಡ್‌ಎಫ್‌ಎಸ್. ಟ್ರೂನ್ಯಾಸ್ ಬಿಟ್ಟು ಸಾದಾ ಲಿನಕ್ಸಿನಲ್ಲೂ ಆ ಡಿಸ್ಕ್‌ಗಳನ್ನು ಜೋಡಿಸಿ ಓದಬಹುದು.

ಜೆಡ್‌ಎಫ್‌ಎಸ್ ಬಗ್ಗೆ ನನಗೆ ಗೌರವವಿದೆ. ಸನ್ ಮೈಕ್ರೋಸಿಸ್ಟಮ್ಸ್‌ನ ಎಂಜಿನಿಯರುಗಳು ಕಟ್ಟಿದ್ದು ಅದು. ಪ್ರತಿಯೊಂದು ತುಂಡಿಗೂ ಚೆಕ್‌ಸಮ್ ಬರೆದಿಟ್ಟುಕೊಂಡು, ಓದುವಾಗಲೆಲ್ಲ ತಾಳೆ ನೋಡುತ್ತದೆ. ಫೋಟೊ ಕೆಲಸದವರಿಗೆ ಇದರ ಬೆಲೆ ಗೊತ್ತು: ಜೆಪೆಗ್ ಫೈಲಿನ ನಡುವೆ ಎಲ್ಲೋ ಒಂದು ಚೂರು ಕೆಟ್ಟರೆ ಮುಖದ ಕೆಳಗೆ ಅರ್ಧ ಚಿತ್ರ ಬೂದು ಬಣ್ಣವಾಗಿಬಿಡುತ್ತದೆ, ಅದು ಗೊತ್ತಾಗುವುದು ವರ್ಷಗಳ ನಂತರ ತೆರೆದಾಗ. ಎರಡು ಡಿಸ್ಕ್‌ಗಳ ಜೋಡಿಯಲ್ಲಿ ಒಂದರ ಪ್ರತಿ ಕೆಟ್ಟಿದ್ದರೆ ಜೆಡ್‌ಎಫ್‌ಎಸ್ ಇನ್ನೊಂದರಿಂದ ತಾನೇ ಸರಿಮಾಡಿಕೊಳ್ಳುತ್ತದೆ. ಟ್ರೂನ್ಯಾಸ್‌ಗೆ ಕನಿಷ್ಠ 8 ಜಿಬಿ ರ್‍ಯಾಮ್ ಬೇಕು, ಅದು ತನಗೇ ಒಂದು ಬೂಟ್ ಡಿಸ್ಕ್ ಕೇಳುತ್ತದೆ, ಪೂಲ್, ವಿಡೆವ್, ಡೇಟಾಸೆಟ್ ಎಂಬ ಅದರದೇ ಲೆಕ್ಕಾಚಾರ ಕಲಿಯಬೇಕು. ಅದಕ್ಕೆ ತಕ್ಕ ಮೆಷಿನ್ನೂ ಕೂತು ಕಲಿಯುವವರೂ ಇದ್ದ ಕಡೆ ನಾನು ಅದನ್ನೇ ಹೇಳುತ್ತೇನೆ.

ನನ್ನ ಸ್ಟುಡಿಯೋದಲ್ಲಿ ಇರುವುದು ಓಪನ್‌ಮೀಡಿಯಾವಾಲ್ಟ್. ಫ್ರೀನ್ಯಾಸ್‌ಗೆ ಕೆಲಸ ಮಾಡುತ್ತಿದ್ದ ಫೋಲ್ಕರ್ ಥೈಲೆ ಅವರೇ ಡೆಬಿಯನ್ ಲಿನಕ್ಸ್ ಮೇಲೆ ಇದನ್ನು ಹೊಸದಾಗಿ ಕಟ್ಟಿ 2011ರಲ್ಲಿ ಹೊರತಂದರು. ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ, ರಾಸ್‌ಬೆರಿ ಪೈ ಮೇಲೂ ಓಡುತ್ತದೆ. ಡಿಸ್ಕ್‌ಗಳನ್ನು ಎಕ್ಸ್ಟ್4 ಎಂಬ ಮಾಮೂಲಿ ಲಿನಕ್ಸ್ ಪದ್ಧತಿಯಲ್ಲೇ ಇಟ್ಟಿದ್ದೇನೆ, ಒಂದೊಂದು ಡಿಸ್ಕೂ ತನ್ನಷ್ಟಕ್ಕೆ ಪೂರ್ತಿ. ಹಣ ಕೊಟ್ಟು ಕೊಳ್ಳುವ ಅನ್‌ರೇಡ್‌ನಲ್ಲಿಯೂ ನನಗೆ ಮೆಚ್ಚುಗೆಯಾದ ಗುಣ ಇದೇ: ಅದರ ಸಾಂಪ್ರದಾಯಿಕ ಜೋಡಣೆಯಲ್ಲಿ ಪ್ರತಿ ಡೇಟಾ ಡಿಸ್ಕನ್ನೂ ಬೇರೆಯಾಗಿ ತೆಗೆದು ಓದಬಹುದು. ಆದರೆ ಅದರ ಲೈಸೆನ್ಸನ್ನು ಬಹುಕಾಲದಿಂದ ಬೂಟ್ ಆಗುವ ಪೆನ್‌ಡ್ರೈವಿಗೆ ಗಂಟುಹಾಕಿದ್ದಾರೆ. 2024ರಿಂದ ಹೊಸದಾಗಿ ಕೊಳ್ಳುವ ಕೆಳಹಂತದ ಲೈಸೆನ್ಸುಗಳಿಗೆ ಅಪ್‌ಡೇಟ್ ಬರುವುದು ಒಂದೇ ವರ್ಷ, ಮುಂದೆ ಬೇಕೆಂದರೆ ಮತ್ತೆ ದುಡ್ಡು. ಕೊಳ್ಳುವ ಮೊದಲು ಇದು ತಿಳಿದಿರಲಿ.

ಪುಟದಲ್ಲಿ ನಾನು ನೋಡುವುದು ಬಣ್ಣವನ್ನಲ್ಲ, ಎರಡು ವಿಷಯ. ಮೊದಲನೆಯದು, ಕೈತಪ್ಪಿನಿಂದ ಏನಾದರೂ ಒತ್ತಿದರೆ ಅದು ತಕ್ಷಣ ಜಾರಿಯಾಗುತ್ತದೋ ಇಲ್ಲವೋ. ಓಪನ್‌ಮೀಡಿಯಾವಾಲ್ಟ್‌ನಲ್ಲಿ ಯಾವ ಸೆಟ್ಟಿಂಗ್ ಬದಲಿಸಿದರೂ ಸಾಮಾನ್ಯವಾಗಿ ಮೇಲ್ಗಡೆ ಹಳದಿ ಪಟ್ಟಿ ಬಂದು, ಬದಲಾವಣೆ ಜಾರಿಗೆ ಬರಲೇ ಎಂದು ಕಾಯುತ್ತದೆ. ಸರಿ ಗುರುತು ಒತ್ತಿದರೆ ಮಾತ್ರ ಜಾರಿ, ಬೇಡವಾದರೆ ರದ್ದು ಮಾಡಬಹುದು. ಸ್ಟುಡಿಯೋದ ಹುಡುಗರಿಗೆ ನಾನು ಹೇಳಿರುವುದು ಇಷ್ಟೇ: ಹಳದಿ ಕಂಡರೆ ಮುಟ್ಟಬೇಡಿ, ನನ್ನ ಕರೆಯಿರಿ. ಎರಡನೆಯದು, ಡಿಸ್ಕಿನ ಆರೋಗ್ಯವನ್ನು ಅದು ಎಷ್ಟು ಬಿಚ್ಚಿ ಹೇಳುತ್ತದೆ ಎಂಬುದು. ಸ್ಮಾರ್ಟ್ ಎಂಬ ವಿಭಾಗದಲ್ಲಿ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬ ಸಾಲಿದೆ. ಓದಲಾಗದೆ ಅನುಮಾನದಲ್ಲಿ ಉಳಿದ ಜಾಗಗಳ ಲೆಕ್ಕ ಅದು. ಸೊನ್ನೆ ಇದ್ದರೆ ನಿಶ್ಚಿಂತೆ ಎಂದೇನಲ್ಲ, ಆದರೆ ಸೊನ್ನೆ ದಾಟಿ ಏರುತ್ತಿದ್ದರೆ ಆ ಡಿಸ್ಕಿಗೆ ಹೊಸ ಮದುವೆಯ ಫೈಲ್ ಹಾಕುವುದು ನಿಲ್ಲಿಸಿ ಬದಲಿ ತರಿಸಬೇಕು. ಹೀಗಾದಾಗ ಇಮೇಲ್ ಕಳಿಸಲು ಬಾರದ ಸಾಫ್ಟ್‌ವೇರ್ ನನಗೆ ಬೇಡ. ದಿನಾ ಹೋಗಿ ಪುಟ ತೆರೆದು ನೋಡುವ ಪುರಸೊತ್ತು ಮದುವೆ ಸೀಸನ್ನಿನಲ್ಲಿ ಯಾರಿಗಿದೆ?

ಬ್ರೌಸರಿನಿಂದ ಎಲ್ಲ ನಡೆಸಬಹುದು ಎಂದಾಗ ಅದೇ ಬಾಗಿಲಿನಿಂದ ಬೇರೆಯವರೂ ಬರಬಹುದು. ವೆಬ್‌ಮಿನ್ 1997ರಿಂದ ಇರುವ, ಲೋಕವೆಲ್ಲ ನಂಬಿದ ಸಾಫ್ಟ್‌ವೇರ್. ಅದನ್ನು ಸಿದ್ಧಪಡಿಸುವ ಕಂಪ್ಯೂಟರಿಗೇ ಯಾರೋ ನುಗ್ಗಿ ಕಳ್ಳದಾರಿಯೊಂದನ್ನು ಸೇರಿಸಿದ್ದು 2019ರ ಆಗಸ್ಟ್‌ನಲ್ಲಿ ಬಯಲಾಯಿತು, 1.890 ಆವೃತ್ತಿ ಹಾಕಿಕೊಂಡಿದ್ದವರ ಸರ್ವರಿಗೆ ಪಾಸ್‌ವರ್ಡ್ ಇಲ್ಲದೆ ಹೊರಗಿನಿಂದ ಆಜ್ಞೆ ಕೊಡಬಹುದಿತ್ತು. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಎಂಬ ಹಳೆಯ ಡಿಸ್ಕ್ ಪೆಟ್ಟಿಗೆಗಳಲ್ಲಿ ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದವು, ಮಾಲೀಕರು ಏನೂ ಮಾಡದೆಯೇ ಫ್ಯಾಕ್ಟರಿ ರೀಸೆಟ್ ಆಗಿ ಖಾಲಿಯಾದವು. ಅವುಗಳಿಗೆ ಕೊನೆಯ ಅಪ್‌ಡೇಟ್ ಬಂದದ್ದು 2015ರಲ್ಲಿ. ಆದ್ದರಿಂದ ರೌಟರಿನಲ್ಲಿ ಪೋರ್ಟ್ ತೆರೆದು ಈ ಪುಟವನ್ನು ಹೊರಗಿನಿಂದ ಕಾಣುವಂತೆ ಮಾಡಿಕೊಡುತ್ತೇನೆ ಎನ್ನುವವರಿಗೆ ಬೇಡವೆನ್ನಿ. ಊರ ಹೊರಗಿದ್ದಾಗಲೂ ನೋಡಬೇಕಿದ್ದರೆ ವೈರ್‌ಗಾರ್ಡ್‌ನಂಥ ವಿಪಿಎನ್ ಮೂಲಕ ಬನ್ನಿ. ಮೊದಲ ದಿನ ಕೊಟ್ಟ ಪಾಸ್‌ವರ್ಡನ್ನು ಅಂದೇ ಬದಲಿಸಿ. ಓಪನ್‌ಮೀಡಿಯಾವಾಲ್ಟ್‌ದು ಅದರ ಹೆಸರೇ, ಜಗತ್ತಿಗೆಲ್ಲ ಗೊತ್ತು.

ಇನ್ನು ಬ್ಯಾಕಪ್. ಎರಡು ಡಿಸ್ಕ್‌ಗೆ ಒಟ್ಟಿಗೆ ಬರೆಯುವ ರೇಡ್ ಜೋಡಣೆಯನ್ನು ಬ್ಯಾಕಪ್ ಎಂದು ಹೇಳಿ ಮಾರುವವರು ಈಗಲೂ ಇದ್ದಾರೆ. ಒಂದರಲ್ಲಿ ಅಳಿಸಿದರೆ ಅದೇ ಗಳಿಗೆಗೆ ಇನ್ನೊಂದರಲ್ಲೂ ಅಳಿಯುತ್ತದೆ. ರ‍್ಯಾನ್ಸಮ್‌ವೇರ್ ಬಂದರೂ ಹಾಗೇ. ಏಪ್ರಿಲ್ ಮೇ ತಿಂಗಳಲ್ಲಿ ಮಲೆನಾಡಿಗೆ ಬಡಿಯುವ ಸಿಡಿಲಿಗೆ ಒಂದೇ ಪೆಟ್ಟಿಗೆಯ ಎರಡು ಡಿಸ್ಕ್ ಬೇರೆ ಬೇರೆ ಅಲ್ಲ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ನಮ್ಮ ವೃತ್ತಿಯವರಿಗೆಂದೇ ಹೇಳಿಕೊಟ್ಟ 3-2-1 ಸೂತ್ರ ಇಂದಿಗೂ ಸಲ್ಲುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ನನ್ನಲ್ಲಿ ಎರಡನೇ ಡಿಸ್ಕಿಗೆ ರಾತ್ರಿ ಆರ್‌ಸ್ನ್ಯಾಪ್‌ಶಾಟ್ ಮೂಲಕ ಪ್ರತಿ ಹೋಗುತ್ತದೆ. ಅದು ನಿನ್ನೆಯದು, ಮೊನ್ನೆಯದು, ಹೋದ ವಾರದ್ದು ಎಂದು ಬೇರೆ ಬೇರೆ ಫೋಲ್ಡರಿನಲ್ಲಿ ಇಡುತ್ತದೆ, ಬದಲಾಗದ ಫೈಲಿಗೆ ಎರಡೆರಡು ಬಾರಿ ಜಾಗ ತಿನ್ನುವುದಿಲ್ಲ. ಇನ್ನೊಂದು ಡಿಸ್ಕ್ ಹುಬ್ಬಳ್ಳಿಯಲ್ಲಿ ತಂಗಿಯ ಮನೆಯ ಕಪಾಟಿನಲ್ಲಿದೆ. ನಾನು ಹೋದಾಗ ಹೊಸದನ್ನು ಕೊಟ್ಟು ಹಳೆಯದನ್ನು ತರುತ್ತೇನೆ. ಅದಕ್ಕೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅದೇ ಅದರ ಶಕ್ತಿ.

ವಾಪಸು ತೆಗೆದು ನೋಡದ ಬ್ಯಾಕಪ್ಪನ್ನು ನಂಬುವಂತಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ದೊಡ್ಡ ಸಂಸ್ಥೆಯಲ್ಲಿ ಎಂಜಿನಿಯರೊಬ್ಬರು ತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿದಾಗ, ಅಲ್ಲಿದ್ದ ಐದು ಬಗೆಯ ಬ್ಯಾಕಪ್ ಏರ್ಪಾಡುಗಳಲ್ಲಿ ಯಾವುದೂ ನೆಟ್ಟಗೆ ಕೆಲಸಕ್ಕೆ ಬರಲಿಲ್ಲ. ಸುಮಾರು ಆರು ತಾಸು ಹಿಂದಿನ ಪ್ರತಿಯೊಂದು ಸಿಕ್ಕಿದ್ದರಿಂದ ಉಳಿದರು, ನಡುವಿನ ಮಾಹಿತಿ ಹೋಯಿತು. ಹಸಿರು ಗುರುತು ತೋರಿಸುವ ಪುಟವನ್ನು ನಂಬಿ ನಾವು ಸುಮ್ಮನೆ ಕೂರುವುದು ಸಲ್ಲದು.

ನಾನು ಊರಲ್ಲಿ ಇಲ್ಲದಿದ್ದರೂ ನನ್ನ ಹೆಂಡತಿ ಅಥವಾ ಹುಡುಗರು ಒಂದು ಮದುವೆಯ ಫೈಲನ್ನು ಹೊರತೆಗೆಯಲು ಸಾಧ್ಯವಾಗಬೇಕು. ಅದಕ್ಕೆ ಸರ್ವರಿನ ಪಕ್ಕದಲ್ಲೇ ಕನ್ನಡದಲ್ಲಿ ಬರೆದ ಒಂದು ಹಾಳೆ ಅಂಟಿಸಿದೆ: ವಿಳಾಸ ಯಾವುದು, ಆಫ್ ಮಾಡುವುದು ಹೇಗೆ, ಯಾವ ಡಿಸ್ಕಿನಲ್ಲಿ ಯಾವ ವರ್ಷ. ಪಾಸ್‌ವರ್ಡ್ ಮಾತ್ರ ಮನೆಯ ಕಪಾಟಿನಲ್ಲಿ ಬೇರೆ. ಪಕ್ಕದಲ್ಲಿ ಉಬುಂಟು ಹಾಕಿದ ಪೆನ್‌ಡ್ರೈವ್ ತೂಗುಹಾಕಿದೆ. ಯಾವ ಕಂಪ್ಯೂಟರಿಗೆ ಚುಚ್ಚಿ ಬೂಟ್ ಮಾಡಿದರೂ ಈ ಡಿಸ್ಕ್‌ಗಳನ್ನು ಓದಬಹುದು. ಡಿಸ್ಕ್‌ಗಳ ಮೇಲೆ ಕೆಂಪು ಮಾರ್ಕರಿನಲ್ಲಿ ‘ವಿಂಡೋಸ್‌ಗೆ ಹಾಕಿದಾಗ ಫಾರ್ಮ್ಯಾಟ್ ಮಾಡಲಾ ಎಂದು ಕೇಳಿದರೆ ಬೇಡ ಒತ್ತಿ’ ಎಂದು ಬರೆದಿದೆ. ಓದಲು ಬಾರದ ಡಿಸ್ಕ್ ಕಂಡಾಗ ವಿಂಡೋಸ್ ಹಾಗೆ ಕೇಳುವುದುಂಟು, ಹೌದು ಎಂದು ಒತ್ತುವ ಗಡಿಬಿಡಿಯ ಕೈಗಳೂ ಇರುತ್ತವೆ.

ಸರ್ವರ್ ಕಟ್ಟಿಸಿಕೊಳ್ಳಲು ಹೊರಟಿರುವ ಸ್ಟುಡಿಯೋದವರಿಗೆ, ಶಾಲೆಯ ಮೇಷ್ಟ್ರುಗಳಿಗೆ, ಸಂಘದ ಕಾರ್ಯದರ್ಶಿಗಳಿಗೆ ನನ್ನ ಕೋರಿಕೆ ಇದು. ಮಾಡಿಕೊಡುವವರಿಗೆ ಪೂರ್ತಿ ದುಡ್ಡು ಕೊಡುವ ಮೊದಲು ನಾಲ್ಕಾರು ಫೋಟೊ ಹಾಕಿಸಿ, ಸರ್ವರ್ ಬಂದ್ ಮಾಡಿಸಿ, ಡಿಸ್ಕ್ ಬಿಚ್ಚಿಸಿ, ನಿಮ್ಮೆದುರಿಗೇ ಬೇರೆ ಕಂಪ್ಯೂಟರಿಗೆ ಜೋಡಿಸಿ ಆ ಫೋಟೊ ತೆರೆದು ತೋರಿಸಲು ಹೇಳಿ. ತೋರಿಸಿದರೆ ಬಾಕಿ ಕೊಡಿ. ತೋರಿಸಲಾಗದಿದ್ದರೆ ಬೇರೆ ಸಾಫ್ಟ್‌ವೇರ್ ಹಾಕಿಸಿ.