ಇನ್ನೂರು ಪೌಂಡಿನ ಮನೆ

'ಮುಂಬಯಿಯಲ್ಲಿ ಮನುಷ್ಯರಿಗೇ ಜಾಗವಿಲ್ಲ, ಇನ್ನು ದೆವ್ವಕ್ಕೆಲ್ಲಿ?' ಮಾಟುಂಗದ ಒಂದು ಸಾಹಿತ್ಯ ಗೋಷ್ಠಿಯಲ್ಲಿ ಭಾಷಣಕಾರರೊಬ್ಬರು ಹೀಗೆಂದು ಚಪ್ಪಾಳೆ ಗಿಟ್ಟಿಸಿದರು. ವಿಷಯ ಗಾಥಿಕ್ ಸಣ್ಣಕತೆಗಳು. ಪೋ, ಗಿಲ್‌ಮನ್, ಜೇಕಬ್ಸ್ ಮುಂತಾದವರು ಮಂಜು ಕವಿದ ಒಂಟಿ ಬಂಗಲೆಗಳ ನಾಡಿನವರು, ವಿರಾರ್ ಲೋಕಲ್ಲಿನಲ್ಲಿ ಒಂಟಿಕಾಲಲ್ಲಿ ನಿಂತು ಹೋಗುವವನಿಗೆ ಅವರ ಭಯ ಒಗ್ಗುವುದಿಲ್ಲ ಎಂಬುದು ಭಾಷಣಕಾರರ ವಾದ. ಸಾಕ್ಷಿಗೆ ಕಿಪ್ಲಿಂಗನನ್ನೂ ಕರೆತಂದರು: 1865ರಲ್ಲಿ ಹುಟ್ಟಿದ್ದು ಇದೇ ಬೊಂಬಾಯಿಯಲ್ಲಾದರೂ ತನ್ನ ಕತೆಯ ದೆವ್ವದ ರಿಕ್ಷಾವನ್ನು ಓಡಿಸಲು ಆತ ಸಿಮ್ಲಾಕ್ಕೇ ಹೋಗಬೇಕಾಯಿತಂತೆ.

ನನಗೆ ಅನ್ನಿಸುವುದು ಇದಕ್ಕೆ ತಿರುಗಾಮುರುಗಾ. ಗಾಥಿಕ್ ಕತೆಯಲ್ಲಿ ದೆವ್ವ ಬರುವುದು ಆಮೇಲೆ. ಮೊದಲು ಬರುವುದು ಮನೆ. ಅದು ಯಾರ ಹೆಸರಿನಲ್ಲಿದೆ, ಅದಕ್ಕಾಗಿ ಏನು ತೆತ್ತರು, ಒಳಗಿರುವವರು ಯಾಕೆ ಬಿಟ್ಟು ಹೊರಡಲಾರರು ಎಂಬ ಪ್ರಶ್ನೆಗಳು. ಈ ಪ್ರಕಾರಕ್ಕೆ ನಾಂದಿ ಹಾಡಿದ ವಾಲ್‌ಪೋಲನ 1764ರ 'ದ ಕ್ಯಾಸಲ್ ಆಫ್ ಒಟ್ರಾಂಟೊ' ಅಪ್ಪಟ ಆಸ್ತಿ ತಗಾದೆ: ಅಜ್ಜ ವಿಷವಿಟ್ಟು ಲಪಟಾಯಿಸಿದ ಕೋಟೆಗೆ ಮೊಮ್ಮಗ ಬೆಲೆ ತೆರುತ್ತಾನೆ. ಚದರಡಿಗೆ ಇಷ್ಟೆಂದು ಬದುಕನ್ನೇ ಅಳೆಯುವ ಊರಿನಲ್ಲಿ ಈ ಕತೆ ಪರಕೀಯ ಹೇಗಾದೀತು?

ಗಾಥಿಕ್ ಎಂದೊಡನೆ ವಿ.ಟಿ. ರೈಲು ನಿಲ್ದಾಣದ ಕಡೆ ಕೈ ತೋರಿಸುವುದು ಬೇಡ. ದಕ್ಷಿಣ ಮುಂಬಯಿಯ ವಿಕ್ಟೋರಿಯನ್ ಗಾಥಿಕ್ ಕಟ್ಟಡಗಳನ್ನು ಯುನೆಸ್ಕೊ 2018ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿತು, ಸರಿ. ಆದರೆ ಆ ಕಲ್ಲಿನ ವಿಕಾರ ಮುಖಗಳ ಕೆಳಗೆ ಜನ ನಿಶ್ಚಿಂತೆಯಿಂದ ವಡಾಪಾವ್ ತಿಂದು ಕರ್ಜತ್ ಲೋಕಲ್ ಹಿಡಿಯುತ್ತಾರೆ. ಭಯ ಇರುವುದು ಅವರು ಇಳಿದು ಹೋಗುವ ಖೋಲಿಯಲ್ಲಿ.

ಜೇಕಬ್ಸ್ 1902ರಲ್ಲಿ ಬರೆದ 'ದ ಮಂಕೀಸ್ ಪಾ' ಎಲ್ಲರಿಗೂ ಗೊತ್ತು. ಭಾರತದಿಂದ ಮರಳಿದ ಸೈನಿಕನೊಬ್ಬ ಫಕೀರನ ಮಂತ್ರವಿರುವ ಮಂಗನ ಒಣ ಪಂಜವೊಂದನ್ನು ತಂದು ಗೆಳೆಯನ ಮನೆಯಲ್ಲಿ ಬಿಟ್ಟುಹೋಗುತ್ತಾನೆ. ಅದು ಮೂರು ವರ ಕೊಡುತ್ತದೆ. ಮನೆಯವರು ಕೇಳಿದ ಮೊದಲ ವರ ಯಾವುದು? ಮರೆತಿದ್ದರೆ ಮತ್ತೊಮ್ಮೆ ಓದಬೇಕು: ಮನೆಯ ಮೇಲಿನ ಬಾಕಿ ತೀರಿಸಲು ಇನ್ನೂರು ಪೌಂಡು. ರಾಜ್ಯವಲ್ಲ, ಚಿರಯೌವನವಲ್ಲ, ಮನೆ ಸಾಲದ ಕೊನೆಯ ಕಂತು! ಮರುದಿನ ಕಂಪನಿಯ ಪ್ರತಿನಿಧಿಯೊಬ್ಬ ಗೇಟಿನ ಬಳಿ ಹಿಂದೆಮುಂದೆ ನೋಡುತ್ತ ನಿಲ್ಲುತ್ತಾನೆ. ಒಳಗೆ ಬಂದವನು ಬಾಗಿ ಪ್ಯಾಂಟಿಗೆ ಅಂಟಿದ ನೂಲಿನ ಎಳೆಯೊಂದನ್ನು ಹೆಕ್ಕುತ್ತಾನೆ. ಮಗ ಯಂತ್ರಕ್ಕೆ ಸಿಕ್ಕಿ ಸತ್ತಿದ್ದಾನೆ. ಕಂಪನಿಗೆ ಯಾವ ಹೊಣೆಯೂ ಇಲ್ಲ, ಆದರೂ ಮಗನ ಸೇವೆಯನ್ನು ನೆನೆದು ಒಂದು ಮೊತ್ತ ಕೊಡಲಿದೆ. ಎಷ್ಟು? ಇನ್ನೂರು ಪೌಂಡು.

ಕೊನೆಯಲ್ಲಿ ನಡುರಾತ್ರಿ ಬಾಗಿಲು ಬಡಿಯುವ ಸದ್ದಿಗೆ ಓದುವ ಮಕ್ಕಳು ಬೆಚ್ಚುತ್ತಾರೆ. ನನ್ನನ್ನು ನಡುಗಿಸುವುದು ಹಗಲಿನಲ್ಲಿ ಬಂದ ಆ ಸಭ್ಯ ಗೃಹಸ್ಥ. ಪರಳ, ಲಾಲ್‌ಬಾಗ್‌ನ ಗಿರಣಗಾಂವದಲ್ಲಿ ಇವನನ್ನು ಯಾರಿಗೂ ಪರಿಚಯಿಸಬೇಕಿಲ್ಲ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೂಡಿದ ಮುಷ್ಕರ ಮುಗಿಯಿತೆಂದು ಯಾರೂ ವಿಧಿವತ್ತಾಗಿ ಸಾರಲಿಲ್ಲ. ಮುಷ್ಕರ ಸಾಯಲೂ ಇಲ್ಲ, ಬದುಕಲೂ ಇಲ್ಲ. ಫೀನಿಕ್ಸ್ ಮಿಲ್ಲಿನ ನೆಲದಲ್ಲಿ ಮಾಲ್ ಎದ್ದು ನಿಂತಿತು, ಚಿಮಣಿಯೊಂದನ್ನು ಅಂದಕ್ಕೆಂದು ಉಳಿಸಿಕೊಂಡರು. ಇಷ್ಟಿದ್ದೂ ಗಾಥಿಕ್‌ಗೆ ಮಂಜು ಬೇಕೆನ್ನುವುದು ನನಗೆ ಅರ್ಥವಾಗುವುದಿಲ್ಲ.

ಪೋನ 'ದ ಫಾಲ್ ಆಫ್ ದ ಹೌಸ್ ಆಫ್ ಅಷರ್' (1839) ಕತೆಯ ನಿರೂಪಕ ಆರಂಭದಲ್ಲೇ ಗಮನಿಸುವುದು ಮಾಡಿನಿಂದ ಕೊಳದವರೆಗೆ ಅಂಕುಡೊಂಕಾಗಿ ಇಳಿದ, ಕಂಡೂ ಕಾಣದಂಥ ಒಂದು ಬಿರುಕನ್ನು. ಮುಂಬಯಿಯಲ್ಲಿ ಆ ಬಿರುಕನ್ನು ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಗೃಹನಿರ್ಮಾಣ ಮಂಡಳಿ ಮ್ಹಾಡಾದ ಇಂಜಿನಿಯರುಗಳು ಓದುತ್ತಾರೆ. ಅತಿ ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಬೀಳುತ್ತದೆ, ನೋಟಿಸು ಅಂಟುತ್ತದೆ, ಒಳಗಿದ್ದವರು ಒಳಗೇ ಇರುತ್ತಾರೆ. 1947ರ ಬಾಡಿಗೆ ಕಾಯಿದೆ ಬಾಡಿಗೆಯನ್ನು ಇದ್ದಲ್ಲಿಯೇ ಹಿಡಿದು ನಿಲ್ಲಿಸಿದ ಮೇಲೆ ಮಾಲೀಕ ರಿಪೇರಿಯ ಗೋಜಿಗೆ ಹೋಗಲಿಲ್ಲ. ಪಗಡಿಯೆಂದು ದೊಡ್ಡ ಮೊತ್ತ ಕೊಟ್ಟು ಬಂದ ಬಾಡಿಗೆದಾರನಿಗೆ ಬಿಟ್ಟುಹೋಗಲು ಧೈರ್ಯವಿಲ್ಲ. ಒಮ್ಮೆ ಟ್ರಾನ್ಸಿಟ್ ಕ್ಯಾಂಪಿಗೆ ಹೋದರೆ ಮರಳಿ ಬಂದೇವೆಂಬ ಭರವಸೆ ಯಾರಿಗಿದೆ? 2017ರ ಆಗಸ್ಟ್ 31ರ ಬೆಳಿಗ್ಗೆ ಭೇಂಡಿ ಬಜಾರಿನಲ್ಲಿ ಹುಸೇನಿ ಬಿಲ್ಡಿಂಗ್ ಕುಸಿದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಅಷರ್ ಮನೆತನದವರೂ ಮನೆ ಬಿಟ್ಟು ಹೋಗಲಾರದವರೇ. ಅವರನ್ನು ಹಿಡಿದಿಟ್ಟದ್ದು ರಕ್ತ, ಇವರನ್ನು ಹಿಡಿದಿಟ್ಟದ್ದು ಬಾಡಿಗೆ ರಸೀದಿ.

ಭಯದ ಕತೆ ಅಗ್ಗದ ಸಾಹಿತ್ಯ ಎನ್ನುವವರಿಗೆ ಉತ್ತರ ಕೊಡುವುದು ಕಾಲಹರಣ. ನಾನು ಗೌರವಿಸುವ ಆಕ್ಷೇಪಗಳು ಎರಡಿವೆ. ಮೊದಲನೆಯದು ಏಕಾಂತದ್ದು. ಗಿಲ್‌ಮನ್ 1892ರಲ್ಲಿ ಪ್ರಕಟಿಸಿದ 'ದ ಯೆಲ್ಲೋ ವಾಲ್‌ಪೇಪರ್'ನಲ್ಲಿ ವೈದ್ಯ ಗಂಡ ಹೆಂಡತಿಯನ್ನು ವಿಶ್ರಾಂತಿಯ ಹೆಸರಿನಲ್ಲಿ ಮಹಡಿಯ ಕೋಣೆಯಲ್ಲಿ ಇರಿಸುತ್ತಾನೆ. ಎಂಟು ಜನ ಮಲಗುವ ಒಂದೇ ಖೋಲಿಯಲ್ಲಿ ಯಾರನ್ನು ಎಲ್ಲಿ ಕೂಡಿಹಾಕುವುದು? ಕೇಳಲು ಸರಿಯೆನ್ನಿಸುತ್ತದೆ. ಆದರೆ ಪೋನ 'ದ ಟೆಲ್-ಟೇಲ್ ಹಾರ್ಟ್' ಕತೆಯ ಕೊಲೆಗಾರನನ್ನು ಕೆಡಿಸಿದ್ದು ಏಕಾಂತವಲ್ಲ. ನೆಲದಡಿಯ ಹೆಣದ ಎದೆಬಡಿತ ಎದುರು ಕುಳಿತ ಪೋಲೀಸರಿಗೂ ಕೇಳಿಸುತ್ತಿದೆ ಎಂಬ ಭ್ರಮೆ ಅವನನ್ನು ಕೆಡಿಸುತ್ತದೆ. ಪಕ್ಕದ ಖೋಲಿಯ ಕೆಮ್ಮು, ಜಗಳ, ಅಳು ಎಲ್ಲ ಕೇಳಿಸುವ ಚಾಳಿನಲ್ಲಿ ಬದುಕಿದವರಿಗೆ ಈ ಭಯ ಗೊತ್ತು.

ಎರಡನೆಯದು ಇನ್ನೂ ಗಟ್ಟಿ. ಮುಂಬಯಿ ಕನ್ನಡಿಗರಲ್ಲಿ ದೊಡ್ಡ ಪಾಲು ತುಳುನಾಡಿನವರು. ಅಲ್ಲಿ ಭೂತ ಹೆದರಿಸಲು ಹೊಂಚು ಹಾಕುವುದಿಲ್ಲ. ಅದಕ್ಕೆ ಸ್ಥಾನವಿದೆ, ಕೋಲವಿದೆ, ತಂಬಿಲವಿದೆ; ಎದುರು ನಿಂತು ದೂರು ಹೇಳಿಕೊಳ್ಳಬಹುದು, ನ್ಯಾಯ ಕೇಳಬಹುದು. ಅಲೌಕಿಕವನ್ನು ಬುದ್ಧಿಯ ಹೆಸರಿನಲ್ಲಿ ಮನೆಯಿಂದ ಹೊರಗಟ್ಟಿದ ಯುರೋಪಿಗೆ ಅದು ಕಿಟಕಿಯಿಂದ ನುಸುಳಿ ಬಂದಾಗ ದಿಗಿಲಾಯಿತು, ನಮಗೆ ಆ ದಿಗಿಲು ಯಾಕೆ? ಈ ಮಾತನ್ನು ನಾನು ಮುಕ್ಕಾಲು ಪಾಲು ಒಪ್ಪುತ್ತೇನೆ. ಉಳಿದ ಕಾಲು ಪಾಲು ಮಾತ್ರ ಬೊಂಬಾಯಿಗೆ ಬಂದವರದು. ಅತ್ತ ಊರಿನಲ್ಲಿ 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕುಟುಂಬಗಳ ಆಸ್ತಿ ಪಾಲಾಗಲು ದಾರಿ ತೆರೆಯಿತು. ಗುತ್ತಿನ ಮನೆಗಳಿಗೆ ಬೀಗ ಬಿತ್ತು, ಕೋರ್ಟಿನಲ್ಲಿ ದಾವೆಗಳು ಬೆಳೆದವು. ಇಲ್ಲಿ ಹೋಟೆಲಿನ ಗಲ್ಲಾದಲ್ಲಿ ಕುಳಿತವನಿಗೆ ವ್ಯಾಪಾರ ಕುಸಿದರೆ, ಮಗಳ ಮದುವೆ ತಡವಾದರೆ, ಊರಿನಲ್ಲಿ ಪ್ರಶ್ನೆ ಇಡಿಸುತ್ತಾರೆ. ಉತ್ತರ ಹೆಚ್ಚಾಗಿ ಒಂದೇ: ಕುಟುಂಬದ ದೈವಕ್ಕೆ ಸಲ್ಲಬೇಕಾದದ್ದು ಸಂದಿಲ್ಲ. ಬೀಗ ಬಿದ್ದ ಮನೆ, ಹಿರಿಯರ ಬಾಕಿ, ಕಿರಿಯರ ತಲೆಗೆ ಬಂದ ಫಲ. ವಾಲ್‌ಪೋಲನ ಕತೆಗೆ ಇನ್ನೇನು ಬೇಕಿತ್ತು?

ಇನ್ನು ಭಾಷೆ. ಕನ್ನಡದಲ್ಲಿ ಭಯ ಬರೆಯಹೊರಟವರು ಘೋರ, ಭೀಕರ, ಭಯಾನಕಗಳನ್ನು ಸಾರಿಗೆ ಒಗ್ಗರಣೆಯಂತೆ ಧಾರಾಳವಾಗಿ ಸುರಿಯುತ್ತಾರೆ. ಪೋ ಕೂಡ ಅಷರ್ ಕತೆಯ ಮೊದಲ ಪುಟದಲ್ಲಿ ಹಾಗೆ ಸುರಿದವನೇ. ಆದರೆ ಅವನ ಉತ್ತಮ ಕತೆಗಳಲ್ಲಿ ಹುಚ್ಚ ತಾನೆಷ್ಟು ಸ್ವಸ್ಥ ಎಂದು ಲೆಕ್ಕಪತ್ರ ಒಪ್ಪಿಸುವವನ ಹಾಗೆ ಮಾತಾಡುತ್ತಾನೆ. ಜೇಕಬ್ಸನ ಪ್ರತಿನಿಧಿಯದು ಆಫೀಸಿನ ಭಾಷೆ. ಈ ಒಣ ಭಾಷೆಯ ಭಯವನ್ನು ಕನ್ನಡದಲ್ಲಿ ಚೆನ್ನಾಗಿ ಬಲ್ಲವರು ಬಾಂದ್ರಾದಲ್ಲಿ ಸಮುದ್ರಕ್ಕೆ ಮುಖ ಮಾಡಿ ಬದುಕಿದ ಯಶವಂತ ಚಿತ್ತಾಲರು. 'ಶಿಕಾರಿ'ಯ (1979) ನಾಗಪ್ಪನ ಮೇಲೆ ಯಾವ ದೆವ್ವವೂ ಎರಗುವುದಿಲ್ಲ. ಕಂಪನಿ ಅವನನ್ನು ಅಮಾನತಿನಲ್ಲಿಡುತ್ತದೆ, ವಿಚಾರಣೆ ಎನ್ನುತ್ತದೆ, ಅಷ್ಟೆ. ಅಲ್ಲಿಂದ ಪ್ರತಿ ಮಾತಿನಲ್ಲೂ, ಪ್ರತಿ ನಗೆಯಲ್ಲೂ ಹೊಂಚಿದೆಯೆಂಬ ಗುಮಾನಿ ಪುಟಪುಟವೂ ಬೆಳೆಯುತ್ತದೆ. ವಿಮರ್ಶಕರು ಇದನ್ನು ನವ್ಯದ ಅಸ್ತಿತ್ವವಾದದ ಕಪಾಟಿನಲ್ಲಿಟ್ಟು ಕೈತೊಳೆದುಕೊಂಡರು. ಭಯದ ಕಾದಂಬರಿ ಎನ್ನಲು ಅವರಿಗೆ ನಾಚಿಕೆಯಾಗಿರಬೇಕು.

ನನ್ನ ವಾದಕ್ಕೆ ಬಗ್ಗದವರು ಜಯಂತ ಕಾಯ್ಕಿಣಿ. ಅವರ 'ಒಪೆರಾ ಹೌಸ್' ಕತೆಯಲ್ಲಿ ಮುಚ್ಚಲಿರುವ ಥಿಯೇಟರಿದೆ, ಪ್ರೇಕ್ಷಕರು ಹೋದ ಮೇಲೆ ಸೀಟುಗಳ ಕೆಳಗೆ ಕಸ ಗುಡಿಸುವ ಇಂದ್ರನೀಲನಿದ್ದಾನೆ. ಬೇರೆ ಯಾರೇ ಆಗಿದ್ದರೂ ಅಲ್ಲಿ ಒಂದು ನೆರಳನ್ನಾದರೂ ಓಡಾಡಿಸುತ್ತಿದ್ದರು. ಕಾಯ್ಕಿಣಿ ಅವನ ಕೈಗೆ ಕೊಡುವುದು ಯಾರೋ ಮರೆತುಹೋದ ಒಂದು ಥರ್ಮಾಸ್ ಫ್ಲಾಸ್ಕು. ಭಯ ಸಿದ್ಧವಾಗಿ ನಿಂತಿರುವ ಜಾಗದಲ್ಲಿ ಅವರು ಮಮತೆಯನ್ನು ಆರಿಸಿಕೊಳ್ಳುತ್ತಾರೆ. ಅದು ಅವರ ಹಕ್ಕು. ನಿಜವಾದ ಒಪೆರಾ ಹೌಸ್ 1993ರಲ್ಲಿ ಮುಚ್ಚಿ, ದುರಸ್ತಿಯಾಗಿ, 2016ರಲ್ಲಿ ಮತ್ತೆ ತೆರೆಯಿತು. ಅದರ ಸುತ್ತಲಿನ ಗಿರಗಾಂವದ ಚಾಳುಗಳಿಗೆ ಅಂಥ ಯೋಗವಿಲ್ಲ. ಅಲ್ಲಿ ಮಾಲೀಕ, ಬಾಡಿಗೆದಾರ, ಬಿಲ್ಡರ್ ಈ ಮೂವರ ನಡುವೆ ಓಡಾಡುವ ನೋಟಿಸುಗಳನ್ನು ಇದ್ದ ಹಾಗೇ ಜೋಡಿಸಿ, ಒಂದು ವಿಶೇಷಣವನ್ನೂ ಸೇರಿಸದೆ ಕನ್ನಡದಲ್ಲಿ ಕತೆ ಬರೆಯುವವರು ಬೇಕಾಗಿದ್ದಾರೆ.