ನೆಟ್ ಇರುವುದು ಮನೆಯಲ್ಲಿ, ನಂಬರ್ ಇರುವುದು ದಮ್ಮಾಮಿನಲ್ಲಿ

ನಮ್ಮ ಮನೆಗಳಲ್ಲಿ 'ಕರೆಂಟ್ ಹೋಯ್ತು' ಎಂಬಷ್ಟೇ ಸಾಮಾನ್ಯವಾಗಿ 'ನೆಟ್ ಹೋಯ್ತು' ಎಂಬ ಮಾತೂ ಈಗ ಕೇಳುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಕರೆಂಟ್ ಹೋದರೆ ಮನೆಯ ಹೆಂಗಸರು ಮೊದಲು ಪಕ್ಕದ ಮನೆಯ ಕಡೆ ನೋಡುತ್ತಾರೆ. ಅಲ್ಲಿ ಬಲ್ಬ್ ಉರಿಯುತ್ತಿದ್ದರೆ ತೊಂದರೆ ನಮ್ಮದೇ ಅಂತ ಗೊತ್ತಾಗುತ್ತದೆ, ಮೀಟರ್ ಹತ್ತಿರ ಹೋಗಿ ಸ್ವಿಚ್ ಎತ್ತುತ್ತಾರೆ. ಇದನ್ನು ಯಾರೂ ಅವರಿಗೆ ಶಾಲೆಯಲ್ಲಿ ಕಲಿಸಿಲ್ಲ. ನೆಟ್ ಹೋದಾಗ ಮಾತ್ರ ಇಡೀ ಮನೆ ಕೈಕಟ್ಟಿ ಕೂರುತ್ತದೆ. ಗಂಡನಿಗೆ ಹೇಳಬೇಕು, ಗಂಡ ದಮ್ಮಾಮಿನಲ್ಲಿ. ಅವನಿಗೆ ಹೇಳಬೇಕಾದರೆ ನೆಟ್ ಬೇಕು!

ನಾನು ಮದ್ರಸದಲ್ಲಿ ಪಾಠ ಮಾಡುವುದು ಕರಾವಳಿಯಿಂದ ದೂರದ ಬಯಲುಸೀಮೆಯಲ್ಲಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದೂ ತಾಲೂಕು 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಗೆ ಸೇರಿದವು. ಬೇಕರಿ, ಹೋಟೆಲ್, ಜ್ಯೂಸ್ ಅಂಗಡಿ ಅಂತ ಊರು ಬಿಟ್ಟು ಬಂದ ನಮ್ಮವರ ಮನೆಗಳು ಇಂತಹ ಪೇಟೆಗಳಲ್ಲೂ ಇವೆ. ಕೆಲವು ಮನೆಗಳ ಗಂಡಸರು ಇಲ್ಲಿಂದಲೇ ಗಲ್ಫಿಗೆ ಹೋಗಿದ್ದಾರೆ. ಮಂಗಳೂರು, ಉಪ್ಪಿನಂಗಡಿ ಕಡೆಯ ಓದುಗರಿಗೂ ಈ ಮಾತು ಅನ್ವಯಿಸುತ್ತದೆ. ಆದರೆ ಇಲ್ಲಿ ಅದು ಹೆಚ್ಚು ಚುಚ್ಚುತ್ತದೆ. ಯಾಕೆಂದರೆ ರಿಪೇರಿಯವ ಬರುವುದು ತಾಲೂಕು ಕೇಂದ್ರದಿಂದ, ಹಳ್ಳಿಗೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಬೈಕ್ ಓಡಿಸಿಕೊಂಡು. ಅವನು ಒಮ್ಮೆ ಬಂದು ಬೇಕಾದ ಸಾಮಾನು ಇಲ್ಲ ಅಂತ ವಾಪಸ್ ಹೋದರೆ ಇನ್ನೆರಡು ದಿನ ಹೋಯಿತು ಅಂತಲೇ ಲೆಕ್ಕ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಮನೆಯ ಇಂಟರ್ನೆಟ್, ಮನೆಯಲ್ಲಿ ಇರುವವರ ಕೈಯಲ್ಲಿ ಇರಬೇಕು. ಕಂಪೆನಿಯಲ್ಲಿ ಬರೆಸಿದ ಮೊಬೈಲ್ ನಂಬರ್ ಮನೆಯಲ್ಲಿ ಇರುವ ಉಮ್ಮನದ್ದೋ, ಹೆಂಡತಿಯದ್ದೋ, ದೊಡ್ಡ ಮಗಳದ್ದೋ ಆಗಿರಬೇಕು. ಪೆಟ್ಟಿಗೆಯ ದೀಪಗಳು ಏನು ಹೇಳುತ್ತವೆ ಎಂಬುದು ಅವರಿಗೆ ಗೊತ್ತಿರಬೇಕು.

ಕೊಟ್ಟೂರಿನ ಒಂದು ಮನೆಯ ಸಂಗತಿ ಕೇಳಿ. ಕನೆಕ್ಷನ್ ಹಾಕಿಸಿದ್ದು ಗಂಡ, ರಜೆಯಲ್ಲಿ ಬಂದಿದ್ದಾಗ, ತನ್ನ ಊರಿನ ಸಿಮ್ ನಂಬರ್ ಕೊಟ್ಟು. ವಾಪಸ್ ಸೌದಿಗೆ ಹೋದ ಮೇಲೆ ಆ ಸಿಮ್ಮಿಗೆ ರೀಚಾರ್ಜ್ ಇಲ್ಲ. ಮೂರು ತಿಂಗಳು ಬಳಕೆ ಇಲ್ಲದೆ, ದುಡ್ಡೂ ಇಲ್ಲದೆ ಬಿದ್ದ ಸಿಮ್ ರದ್ದಾಗಬಹುದು, ಆಮೇಲೆ ಅದೇ ನಂಬರ್ ಬೇರೆಯವರ ಪಾಲಾಗಬಹುದು. ಇಲ್ಲಿ ಆದದ್ದೂ ಅದೇ. ಪ್ಲಾನ್ ಮುಗಿಯುತ್ತದೆ ಎಂಬ ಮೆಸೇಜ್ ಯಾರಿಗೋ ಹೋಯಿತು. ಇತ್ತ ನೆಟ್ ನಿಂತಿತು. ಆ ತಂಗಿ ಕಂಪೆನಿಗೆ ಫೋನ್ ಮಾಡಿದರೆ 'ರಿಜಿಸ್ಟರ್ ನಂಬರಿನಿಂದ ಮಾಡಿ' ಅಂತ ಉತ್ತರ. ಆನ್‌ಲೈನ್ ಮೂಲಕ ಕೇಳೋಣ ಎಂದರೆ ಒಟಿಪಿ ಆ ಸತ್ತ ಸಿಮ್ಮಿಗೆ. ಅದೇ ವಾರ ಮಗಳ ಸ್ಕಾಲರ್‌ಶಿಪ್ ಅರ್ಜಿಗೆ ಕೊನೆಯ ದಿನ. ಹುಡುಗಿ ಸೈಬರ್ ಸೆಂಟರ್‌ನಲ್ಲಿ ಅರ್ಧ ದಿನ ನಿಂತು ಅರ್ಜಿ ಹಾಕಿದಳು. ನೋಡಿ, ಲೈನ್ ಕಡಿದಿರಲಿಲ್ಲ, ಪೆಟ್ಟಿಗೆ ಕೆಟ್ಟಿರಲಿಲ್ಲ. ಬರೀ ನಂಬರ್ ತಪ್ಪು ಕೈಯಲ್ಲಿತ್ತು.

ಇನ್ನು ದೀಪಗಳ ವಿಷಯ. ಇದು ಕಷ್ಟದ್ದಲ್ಲ, ತಜ್ವೀದ್‌ಗಿಂತ ಬಹಳ ಸುಲಭ. ಬೀದಿ ಕಂಬದಿಂದ ಮನೆಯೊಳಗೆ ಬರುವ ತೆಳು ವೈರಿನಲ್ಲಿ ತಾಮ್ರ ಇಲ್ಲ, ಕೂದಲೆಳೆಯಷ್ಟು ಗಾಜು ಇದೆ. ಅದರಲ್ಲಿ ಹರಿಯುವುದು ಬೆಳಕು, ಅದೂ ಕಣ್ಣಿಗೆ ಕಾಣದ ಬೆಳಕು. (ಅದಕ್ಕೇ ಬಿಚ್ಚಿದ ವೈರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡುವ ಚಾಳಿ ಮಕ್ಕಳಿಗೆ ಬೇಡವೇ ಬೇಡ.) ಆ ಬೆಳಕನ್ನು ಓದಿ ವೈಫೈ ಮಾಡಿ ಕೊಡುವುದು ಗೋಡೆಯ ಮೇಲಿನ ಪೆಟ್ಟಿಗೆ. ಅಂದರೆ ಇಲ್ಲಿ ಎರಡು ದಾರಿ ಇವೆ: ಹೊರಗಿನಿಂದ ಪೆಟ್ಟಿಗೆಯವರೆಗೆ ಒಂದು, ಪೆಟ್ಟಿಗೆಯಿಂದ ನಿಮ್ಮ ಫೋನಿನವರೆಗೆ ಇನ್ನೊಂದು. ಮುನ್ಸಿಪಾಲಿಟಿ ನೀರು ಸಂಪಿಗೆ ಬರುವುದು ಬೇರೆ, ಸಂಪಿನಿಂದ ಅಡುಗೆಮನೆ ನಲ್ಲಿಗೆ ಬರುವುದು ಬೇರೆ ಅಲ್ಲವೇ, ಹಾಗೆ. ಫೋನಿನಲ್ಲಿ ವೈಫೈ ಗುರುತು ತುಂಬಾ ಕಾಣುತ್ತದೆ, ಆದರೂ ಏನೂ ತೆರೆಯುವುದಿಲ್ಲ ಎಂದರೆ ನಲ್ಲಿ ಸರಿಯಿದೆ, ಸಂಪು ಖಾಲಿ.

ಪೆಟ್ಟಿಗೆಯಲ್ಲಿ ಎಲ್‌ಒಎಸ್ ಅಂತ ಬರೆದ ದೀಪ ಕೆಂಪಾಗಿ ಮಿನುಗಿದರೆ ಹೊರಗಿನ ಬೆಳಕು ಬರುತ್ತಿಲ್ಲ ಎಂದರ್ಥ. ಗಾಜಿನ ಎಳೆ ಎಲ್ಲೋ ತುಂಡಾಗಿದೆ, ಇಲ್ಲವೇ ಬಾಗಿಲ ಸಂದಿಯಲ್ಲಿ ಸಿಕ್ಕಿ ಮಡಚಿದೆ, ಇಲಿ ಕಡಿದಿದೆ. ಎಷ್ಟು ಸಲ ಆಫ್ ಆನ್ ಮಾಡಿದರೂ ಉಪಯೋಗವಿಲ್ಲ. ಪಿಒಎನ್ ದೀಪ ಹಸಿರಾಗಿ ನಿಂತಿದ್ದರೆ ಬೆಳಕಿನ ದಾರಿ ಸರಿಯಿದೆ. ಅದು ಮಿನುಗುತ್ತಲೇ ಇದ್ದರೆ ಪೆಟ್ಟಿಗೆ ಇನ್ನೂ ಆ ಕಡೆಯ ಯಂತ್ರದ ಜೊತೆ ಮಾತು ಕೂಡಿಸಿಕೊಳ್ಳುತ್ತಿದೆ. ಇವೆರಡೂ ಸರಿಯಿದ್ದು ನೆಟ್ ಇಲ್ಲವೆಂದರೆ ಮೊದಲು ಪ್ಲಾನ್ ಮುಗಿದಿದೆಯಾ ಅಂತ ನೋಡಿ. ಯಾವ ದೀಪವೂ ಇಲ್ಲದಿದ್ದರೆ ಅಡಾಪ್ಟರ್ ನೋಡಿ. ಬೇರೆ ಪ್ಲಗ್‌ಗೆ ಹಾಕಿ ನೋಡುವುದಕ್ಕೆ ಇಂಜಿನಿಯರ್ ಬೇಕಿಲ್ಲ.

ಇದನ್ನು ತಿಳಿದರೆ ಏನು ಲಾಭ? ಸರಿಯಾದ ಮಾತು ಹೇಳಿದರೆ ಸರಿಯಾದ ಸಾಮಾನು ಬರುತ್ತದೆ. ಗಾಜಿನ ಎಳೆ ತುಂಡಾದರೆ ಅದನ್ನು ಕಾಯಿಸಿ ಬೆಸೆಯುವ ಮಶೀನು ಬೇಕು. ಸಣ್ಣ ಕೇಬಲ್ ಆಪರೇಟರ್ ಬಳಿ ಅದು ಹೆಚ್ಚಾಗಿ ಒಂದೇ ಇರುತ್ತದೆ, ಹತ್ತು ಊರು ತಿರುಗುತ್ತದೆ. 'ಏನಾಗೈತ್ರೀ?' ಅಂತ ಆ ಹುಡುಗ ಕೇಳಿದಾಗ 'ನೆಟ್ ಬರ್ತಿಲ್ಲ' ಅಂದರೆ ಅವನು ಬರಿಗೈಯಲ್ಲಿ ಬರುತ್ತಾನೆ. 'ಎಲ್‌ಒಎಸ್ ಕೆಂಪು ಬಂದಿದೆ, ಪಕ್ಕದ ಮನೆಯಲ್ಲೂ ಹಾಗೇ ಇದೆ' ಅಂದರೆ ಬೀದಿಯ ಲೈನೇ ಹೋಗಿದೆ ಎಂದು ತಿಳಿದು ಮಶೀನು ಹೊತ್ತುಕೊಂಡು ನೇರ ಕಂಬದ ಹತ್ತಿರ ಹೋಗುತ್ತಾನೆ. ನಿಮ್ಮ ಮನೆಯೊಳಗೆ ಕಾಲಿಡುವ ಅಗತ್ಯವೇ ಬರುವುದಿಲ್ಲ. ಹೆಂಗಸರು ಮಾತ್ರ ಇರುವ ಮನೆಗೆ ಪರ ಗಂಡಸು ಬರುವುದರ ಬಗ್ಗೆ ಚಿಂತೆ ಮಾಡುವವರು ಇದನ್ನು ಗಮನಿಸಬೇಕು. ನೋಡಿ ಹೇಳುವವರು ಮನೆಯಲ್ಲಿದ್ದರೆ ಅರ್ಧಕ್ಕರ್ಧ ಭೇಟಿ ತಪ್ಪುತ್ತದೆ. ಉಳಿದದ್ದಕ್ಕೆ ಅತ್ತೆಯೋ ನೆರೆಯವರೋ ಇರುವ ಹೊತ್ತು ನೋಡಿ ಬರಹೇಳಬಹುದು.

ಈ ಭಾಗದಲ್ಲಿ ಲೈನ್ ತುಂಡಾಗುವುದಕ್ಕೆ ಕಾರಣಗಳು ಬೇಕಾದಷ್ಟು. ಜಲಜೀವನ್ ಪೈಪಿಗೆ ಅಗೆತ, ರಸ್ತೆ ಅಗಲೀಕರಣ, ಚರಂಡಿ, ಎಲ್ಲದಕ್ಕೂ ಜೆಸಿಬಿ. ಅಗೆಯುವ ಮೊದಲು ಕೇಬಲ್ ಇದ್ದವರಿಗೆ ತಿಳಿಸಲಿ ಎಂದು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ಬಿಡುಗಡೆ ಮಾಡಿತು. ನಮ್ಮ ಓಣಿಯಲ್ಲಿ ಜೆಸಿಬಿ ನಿಲ್ಲಿಸಿ ಆ್ಯಪ್ ತೆರೆದವರನ್ನು ನಾನಿನ್ನೂ ನೋಡಿಲ್ಲ. ಪಂಚಾಯತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿತು, ಆಮೇಲೆ ಭಾರತ್‌ನೆಟ್ ಎಂದು ಹೆಸರಾಯಿತು. ಆದರೆ ಪಂಚಾಯತಿ ಕಟ್ಟಡದವರೆಗೆ ಬಂದ ಎಳೆ ಮನೆಗೆ ಬರಬೇಕಾದರೆ ಯಾರಾದರೂ ಕಂಬದ ಮೇಲೆ ಕಟ್ಟಿ ತರಬೇಕು. ಹಾಗೆ ಕಟ್ಟಿದ್ದು ಗಾಳಿಗೆ, ಲಾರಿಗೆ, ಜಾತ್ರೆಯ ಚಪ್ಪರಕ್ಕೆ ಸಿಕ್ಕಿ ಕೀಳುತ್ತದೆ.

ಕರೆಂಟಿನ ವಿಷಯ ಒಂದು ಬೇರೆ. 'ನಮ್ಮಲ್ಲಿ ಇನ್‌ವರ್ಟರ್ ಇದೆ, ಆದರೂ ಕರೆಂಟ್ ಹೋದ ಕೂಡಲೇ ನೆಟ್ ಹೋಗುತ್ತದೆ' ಎಂದು ದೂರುವವರಿದ್ದಾರೆ. ನಿಮ್ಮ ಪೆಟ್ಟಿಗೆಗೆ ಬ್ಯಾಟರಿ ಇದ್ದರೆ ಸಾಲದು, ಬೆಳಕು ಕಳಿಸುವ ಯಂತ್ರ ಇರುವ ಕಡೆಯೂ ಬ್ಯಾಟರಿ ಜೀವಂತ ಇರಬೇಕು. ಕನೆಕ್ಷನ್ ತೆಗೆದುಕೊಳ್ಳುವ ಮೊದಲು 'ಎಷ್ಟು ಎಂಬಿಪಿಎಸ್' ಎಂದು ಕೇಳುವವರು 'ನಿಮ್ಮ ಕಡೆ ಬ್ಯಾಕಪ್ ಎಷ್ಟು ಗಂಟೆ' ಎಂದೂ ಕೇಳಬೇಕು. ಬೇಸಿಗೆಯಲ್ಲಿ ಬಳ್ಳಾರಿ ಕಡೆ ನಲವತ್ತು ಡಿಗ್ರಿ ದಾಟುವ ಬಿಸಿಲಿರುವಾಗ ಈ ಪ್ರಶ್ನೆಗೇ ಬೆಲೆ ಹೆಚ್ಚು.

ಎಂಬಿಪಿಎಸ್ ಲೆಕ್ಕದಲ್ಲೂ ಒಂದು ಸೂಕ್ಷ್ಮ ಇದೆ. ನೂರು ಎಂಬಿಪಿಎಸ್ ಪ್ಲಾನ್ ಎಂದರೆ ಸೆಕೆಂಡಿಗೆ ನೂರು ಎಂಬಿ ಇಳಿಯುತ್ತದೆ ಎಂದಲ್ಲ. ಅದನ್ನು ಎಂಟರಿಂದ ಭಾಗಿಸಬೇಕು, ಹನ್ನೆರಡೂವರೆ ಎಂಬಿ. ಮೋಸ ಹೋದೆವು ಎಂದು ಜಗಳಕ್ಕೆ ಹೋಗುವ ಮೊದಲು ಇದು ಗೊತ್ತಿರಲಿ. ಜಗಳ ಮಾಡುವುದೇ ಆದರೆ ಪೆಟ್ಟಿಗೆಯ ಪಕ್ಕ ನಿಂತು ಸ್ಪೀಡ್ ನೋಡಿ ಮಾಡಿ. ಇಲ್ಲಿಯ ಹಳೆಯ ಮಾಳಿಗೆ ಮನೆಗಳ ಕಲ್ಲುಮಣ್ಣಿನ ಗೋಡೆ ಎರಡು ಅಡಿ ದಪ್ಪ. ಪಡಸಾಲೆಯ ಪೆಟ್ಟಿಗೆಯ ವೈಫೈ ಒಳಕೋಣೆಗೆ ತಲುಪದಿದ್ದರೆ ಅದು ಕಂಪೆನಿಯ ಸ್ಪೀಡಿನ ತಪ್ಪಲ್ಲ. ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನ ಹಿಂದೆ, ಟಿವಿ ಶೋಕೇಸಿನೊಳಗೆ ಬಚ್ಚಿಡುವುದೂ ತಪ್ಪೇ. ಮನೆ ನಡುವೆ, ಎತ್ತರದಲ್ಲಿ, ಗಾಳಿಯಾಡುವ ಕಡೆ ಇರಲಿ. ವೈಫೈ ಎರಡು ಹೆಸರಲ್ಲಿ ಕಾಣುತ್ತಿದ್ದರೆ 5ಜಿ ಎಂದು ಬರೆದದ್ದು ಹತ್ತಿರಕ್ಕೆ ವೇಗ, ಇನ್ನೊಂದು ಗೋಡೆ ದಾಟಿ ದೂರ ಹೋಗುತ್ತದೆ. ಒಳಕೋಣೆಯಲ್ಲಿ ಮಲಗಿ ಮಾತಾಡುವ ಉಮ್ಮನಿಗೆ ಎರಡನೆಯದೇ ವಾಸಿ.

ಗಲ್ಫ್ ಮನೆಗಳಿಗೆ ಇನ್ನೊಂದು ಮಾತು. ದುಬೈ, ಅಬುಧಾಬಿಯಲ್ಲಿ ಇರುವವರಿಗೆ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಕಾಲ್ ಮಾತ್ರ ಆಗುವುದಿಲ್ಲ. ಅದಕ್ಕೆ ಕಾರಣ ಆ ದೇಶದ ಕಾನೂನು, ಅಲ್ಲಿ ಬೋಟಿಮ್‌ನಂತಹ ಅನುಮತಿ ಪಡೆದ ಆ್ಯಪ್ ಬೇಕು. ಇದು ತಿಳಿಯದೆ ಇಲ್ಲಿ ಪೆಟ್ಟಿಗೆಯ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚುತ್ತಾರೆ. ಆ ರೀಸೆಟ್ ತೂತನ್ನು ಮುಟ್ಟಬೇಡಿ. ಸ್ವಿಚ್ ಆಫ್ ಮಾಡಿ ಆನ್ ಮಾಡುವುದು ಬೇರೆ, ರೀಸೆಟ್ ಬೇರೆ. ರೀಸೆಟ್ ಮಾಡಿದರೆ ಕಂಪೆನಿ ತುಂಬಿಸಿದ ಯೂಸರ್ ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿ ಹೋಗಿ, ಸರಿಯಿದ್ದ ಲೈನೂ ನಿಲ್ಲಬಹುದು. ರಾತ್ರಿ ನೆಟ್ ನಿಧಾನ ಆಗುವುದಕ್ಕೂ ಕಾರಣ ಇದೆ. ಒಂದೇ ಎಳೆಯನ್ನು ಹಲವಾರು ಮನೆಗಳಿಗೆ, ಮೂವತ್ತೆರಡರವರೆಗೂ ಅದಕ್ಕಿಂತ ಹೆಚ್ಚೂ, ಹಂಚಿರುತ್ತಾರೆ. ಇಶಾ ಮುಗಿದ ಮೇಲೆ ಊರೆಲ್ಲ ಮೊಬೈಲ್ ಹಿಡಿದಿರುತ್ತದೆ. ಸೌದಿ ನಮಗಿಂತ ಎರಡೂವರೆ ಗಂಟೆ ಹಿಂದೆ. ಅವರು ಎಂಟಕ್ಕೆ ರೂಮಿಗೆ ಬಂದರೆ ಇಲ್ಲಿ ಹತ್ತೂವರೆ. ಆ ಹೊತ್ತಿಗೆ ಮಕ್ಕಳ ಯೂಟ್ಯೂಬ್ ಬಂದ್ ಮಾಡಿದರೆ ಉಪ್ಪನ ಮುಖ ಸ್ಪಷ್ಟ ಕಾಣುತ್ತದೆ.

'ಹೆಂಗಸರ ಕೈಗೆ ಇದೆಲ್ಲ ಕೊಟ್ಟರೆ ಮಕ್ಕಳು ಹಾಳಾಗುತ್ತಾರೆ, ಪಾಸ್‌ವರ್ಡ್ ನನ್ನ ಹತ್ತಿರವೇ ಇರಲಿ' ಎನ್ನುವ ಕಾಕಂದಿರು ನನಗೆ ಗೊತ್ತು. ಅವರ ಭಯ ಸುಳ್ಳಲ್ಲ. ಆದರೆ ಮದ್ದು ತಪ್ಪು. ರಾತ್ರಿ ಹತ್ತರ ಮೇಲೆ ಮಗನ ಫೋನಿಗೆ ನೆಟ್ ಬೇಡ ಎಂದರೆ ಅದನ್ನು ನಿಲ್ಲಿಸುವ ಸೌಲಭ್ಯ ಹಲವು ಪೆಟ್ಟಿಗೆಗಳಲ್ಲೇ ಇದೆ. ಅದನ್ನು ಬಳಸಬೇಕಾದವಳು ಅದೇ ಮನೆಯಲ್ಲಿ ಎಚ್ಚರವಿರುವ ತಾಯಿ. ಅವಳಿಗೆ ಪಾಸ್‌ವರ್ಡ್ ಕೊಡದೆ ದಮ್ಮಾಮಿನಿಂದ ಕಾವಲು ಕಾಯುವುದು ಹೇಗೆ? ಮಗನಿಗೆ ಗೊತ್ತಿದ್ದು ತಾಯಿಗೆ ಗೊತ್ತಿಲ್ಲದ ಮನೆಗಳೇ ನಾನು ಹೆಚ್ಚು ನೋಡಿದ್ದು. ಗೊತ್ತಿಲ್ಲದ ತಾಯಿಯನ್ನು ಮೋಸ ಮಾಡುವುದೂ ಸುಲಭ. 'ನಿಮ್ಮ ನೆಟ್ ಇವತ್ತು ರಾತ್ರಿ ಕಟ್ ಆಗುತ್ತದೆ, ಈ ಆ್ಯಪ್ ಹಾಕಿ' ಎಂದು ಯಾರೋ ಫೋನ್ ಮಾಡುತ್ತಾರೆ. ಪ್ಲಾನ್ ಯಾವ ತಾರೀಖಿಗೆ ಮುಗಿಯುತ್ತದೆಂದು ತಿಳಿದವಳು ಫೋನ್ ಇಡುತ್ತಾಳೆ. ತಿಳಿಯದವಳು ಹೆದರಿ ಒಟಿಪಿ ಹೇಳುತ್ತಾಳೆ. ಹಣ ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು ಎಂಬುದೂ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.

ದೂರು ಕೊಡುವಾಗ ಕೇಬಲ್ ಹುಡುಗನಿಗೆ ಫೋನ್ ಮಾಡಿ ಸುಮ್ಮನಾಗಬೇಡಿ. ಕಂಪೆನಿಯ ದೂರು ನಂಬರಿಗೆ ಮಾಡಿ, ಅವರು ಕೊಡುವ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಟ್ರಾಯ್ 2012ರಲ್ಲಿ ಮಾಡಿದ ನಿಯಮದ ಪ್ರಕಾರ ದೂರಿಗೆ ಪರಿಹಾರ ಸಿಗದಿದ್ದರೆ ಕಂಪೆನಿಯೊಳಗೇ ಇರುವ ಮೇಲ್ಮನವಿ ಅಧಿಕಾರಿಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, 39 ದಿನದೊಳಗೆ ತೀರ್ಮಾನ ಆಗಬೇಕು. ಡಾಕೆಟ್ ನಂಬರ್ ಇಲ್ಲದಿದ್ದರೆ ನಿಮ್ಮ ದೂರು ದಾಖಲೆಯಲ್ಲಿ ಇಲ್ಲವೇ ಇಲ್ಲ.

ರಂಜಾನಿಗೋ ಮದುವೆಗೋ ರಜೆಯಲ್ಲಿ ಬರುವವರು ಆಧಾರ್ ಹಿಡಿದು ಒಂದು ಬೆಳಿಗ್ಗೆ ಕಂಪೆನಿಯ ಆಫೀಸಿಗೆ ಹೋದರೆ ಸಾಕು. ಹೆಸರು ಬದಲಿಸಲು ಮನಸ್ಸಿಲ್ಲದಿದ್ದರೆ ಮೊಬೈಲ್ ನಂಬರನ್ನಾದರೂ ಮನೆಯವರದ್ದಕ್ಕೆ ಬದಲಿಸಿ. ನೀವು ಇರುವಾಗಲೇ ಒಮ್ಮೆ ಅವರ ಕೈಯಿಂದಲೇ ಬಿಲ್ ಕಟ್ಟಿಸಿ, ಅವರಿಂದಲೇ ದೂರಿನ ಫೋನ್ ಮಾಡಿಸಿ, ಪಕ್ಕದಲ್ಲಿ ಕೂತು ಮಾತಾಡದೆ ಕೇಳಿ. ಗ್ರಾಹಕ ಸಂಖ್ಯೆ, ದೂರಿನ ನಂಬರ್, ಪ್ಲಾನ್ ಮುಗಿಯುವ ತಾರೀಖು, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯಲ್ಲಿ ಗ್ಯಾಸ್ ಬುಕಿಂಗ್ ನಂಬರ್ ಬರೆದ ಕಡೆಯೇ ಅಂಟಿಸಿ. ವೈಫೈ ಪಾಸ್‌ವರ್ಡ್ ಮಾತ್ರ ಅಲ್ಲಿ ಬರೆಯಬೇಡಿ, ಬಂದ ನೆಂಟರ ಮಕ್ಕಳೆಲ್ಲ ಓದುತ್ತಾರೆ.